ಗೆರೆಯಿಲ್ಲದ ನಳಿಕೆ

"ನುಂಗಿ ಸಾರ್. ನುಂಗ್ತಾನೇ ಇರಿ, ನಿಲ್ಲಿಸ್ಬೇಡಿ."

ಜಯದೇವ ನುಂಗಿದ. ಎಡ ಹೊಳ್ಳೆಯಿಂದ ಒಳಹೊಕ್ಕ ನಳಿಕೆ ಗಂಟಲಿನ ತಿರುವಿನಲ್ಲಿ ತಡೆದು ನಿಂತಿತ್ತು. ಕಣ್ಣಿನಿಂದ ನೀರು ತಾನಾಗಿಯೇ ಇಳಿಯಿತು. ನೌಕಾಪಡೆಯ ಪೊಲೀಸು ವಿಭಾಗದಲ್ಲಿ ಅರ್ಧ ಆಯುಷ್ಯ ಕಳೆದವನು, ಕುಡಿದು ದಾಂಧಲೆ ಮಾಡಿದ ನಾವಿಕರನ್ನು ರಟ್ಟೆ ಹಿಡಿದು ಹಡಗಿಗೆ ಮರಳಿಸಿದವನು, ಈಗ ಶಾವಿಗೆಯಷ್ಟು ದಪ್ಪದ ಒಂದು ಪ್ಲಾಸ್ಟಿಕ್ಕಿಗೆ ಹೆದರಿ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಕುಳಿತಿದ್ದ.

"ಇನ್ನೊಂದು ಗುಟುಕು ಕುಡೀರಿ ಜಯದೇವಪ್ಪ." ಮಂಗಳಾಗೌರಿಯವರು ನೀರಿನ ಲೋಟವನ್ನು ಅವನ ತುಟಿಗೆ ಹಿಡಿದರು. "ಅಷ್ಟು ದೊಡ್ಡ ಮೂಗು ಇಟ್ಕೊಂಡು ಇಷ್ಟು ಸಣ್ಣದಕ್ಕೆ ದಾರಿ ಬಿಡಲ್ಲ ಅಂದ್ರೆ ಹೇಗೆ?"

ನಗಬೇಕೆನಿಸಿತು. ಆದರೆ ನಗುವುದಕ್ಕೂ ಗಂಟಲು ಬೇಕಾಗುತ್ತದೆ ಎಂಬುದು ಅವನಿಗೆ ಆಗಲೇ ತಿಳಿದದ್ದು.

ಲೋಟ ಹಿಡಿದ ಆ ಕೈ ಸ್ಥಿರವಾಗಿತ್ತು. ಮಗಳು ಬಿಂದು ಗಂಡನಿಗೆ ವಿಷವಿಟ್ಟಳೆಂಬ ಆರೋಪ ಹೊತ್ತು ವಿಶಾಖಪಟ್ಟಣದ ಜೈಲಿನಲ್ಲಿರುವಾಗ, ನಾಳೆಯೇ ಅವಳ ಜಾಮೀನಿನ ವಿಚಾರಣೆಯಿರುವಾಗ, ತಾಯಿಯ ಕೈ ಇಷ್ಟು ಸ್ಥಿರವಾಗಿರಲು ಹೇಗೆ ಸಾಧ್ಯವೆಂದು ಅವನು ರೈಲಿನಲ್ಲೂ ಯೋಚಿಸಿದ್ದ. ಆಕೆಯ ದಿವಂಗತ ಗಂಡ ಹಡಗಿನಲ್ಲಿ ಅವನ ಮೇಲಧಿಕಾರಿ. ತಿಂಗಳುಗಟ್ಟಲೆ ಸುದ್ದಿಯಿಲ್ಲದ ಗಂಡನಿಗಾಗಿ ಕಾದು ಕಾದು ಗಟ್ಟಿಯಾದ ಕೈ ಅದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

"ಆಯ್ತು ಸಾರ್, ತಿರುವು ದಾಟಿತು. ಇನ್ನು ಸಲೀಸು," ಎಂದ ನಳಿಕೆ ಹಾಕುವ ತಂತ್ರಜ್ಞ ಫಣಿ.

ನಳಿಕೆ ಎದೆಯೊಳಗೆ ಜಾರಿತು. ತಣ್ಣನೆಯ ಹುಳವೊಂದು ಒಳಗೊಳಗೇ ಇಳಿದ ಹಾಗೆ.

ವಿಜಯವಾಡದ ಇದೇ ಪರೀಕ್ಷಾ ಕೇಂದ್ರದಲ್ಲಿ, ಇದೇ ಫಣಿಯ ಕೈಯಿಂದ, ಬಿಂದುವಿನ ಗಂಡ ಪೃಥ್ವೀರಾಜನ ಮೂಗಿಗೂ ಇಂಥದೇ ನಳಿಕೆ ಇಳಿದಿತ್ತು. ಹಾಸನದ ಕಡೆಯ ಹುಡುಗ, ಬ್ಯಾಂಕಿನ ಅಧಿಕಾರಿ, ವರ್ಗವಾಗಿ ವಿಜಯವಾಡಕ್ಕೆ ಬಂದವನು. ಎದೆಯುರಿ ಅವನನ್ನು ಬಹುಕಾಲದಿಂದ ಕಾಡುತ್ತಿತ್ತು. ಗುಳಿಗೆ ನುಂಗಿದರೂ ಹೊಟ್ಟೆಯ ಹುಳಿ ತಗ್ಗುತ್ತಿದೆಯೇ ಇಲ್ಲವೇ ಎಂದು ನೋಡಲು ಡಾಕ್ಟರು ನಳಿಕೆ ಹಾಕಿಸಿ, ಅದರ ಹೊರತುದಿಯನ್ನು ಸೊಂಟದ ಪೆಟ್ಟಿಗೆಗೆ ಜೋಡಿಸಿ ಕಳಿಸಿದ್ದರು. ಒಂದು ಹಗಲು, ಒಂದು ರಾತ್ರಿ ಹಾಗೆಯೇ ಇರಬೇಕು. ಅವನು ಮುಖಕ್ಕೆ ಮಾಸ್ಕು ಹಾಕಿಕೊಂಡು ರೈಲು ಹತ್ತಿದ. ವಿಶಾಖಪಟ್ಟಣದಲ್ಲಿ ಹೆಂಡತಿ ಬಡಿಸಿದ ಊಟ ಮಾಡಿದ. ಬೆಳಗಾಗುವುದರೊಳಗೆ ಸತ್ತ.

ಪೆಟ್ಟಿಗೆ ಮಾತ್ರ ಅವನೊಂದಿಗೆ ಸಾಯಲಿಲ್ಲ. ಕೊನೆಯವರೆಗೂ ಹೊಟ್ಟೆಯ ಹುಳಿಯನ್ನು ಅಂಕಿಗಳಾಗಿ ಬರೆದುಕೊಳ್ಳುತ್ತಲೇ ಇತ್ತು.

"ಸಾರ್, ಈಗ ಇದನ್ನ ನೋಡಿ." ಫಣಿ ಪೆಟ್ಟಿಗೆಯನ್ನು ಅವನ ಮುಖದ ಮುಂದೆ ಹಿಡಿದ. ಪುಟ್ಟ ಪರದೆಯ ಮೇಲೆ ಒಂದೂವರೆ ಎಂಬ ಅಂಕಿ ಮಿನುಗುತ್ತಿತ್ತು. "ಹುಳಿ ಜಾಸ್ತಿ ಇದ್ರೆ ಅಂಕಿ ಕೆಳಗೆ. ಹುಳಿ ಇಲ್ದಿದ್ರೆ ಮೇಲೆ. ಇದು ನಿಮ್ಮ ಹೊಟ್ಟೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಕದಾ, ಚೆನ್ನಾಗಿ ಹುಳಿ ಇದೆ."

"ಅವರ ಸ್ವಭಾವಾನೂ ಹಾಗೇ ಕಣಪ್ಪ," ಎಂದರು ಮಂಗಳಾಗೌರಿ.

ಫಣಿಗೆ ನಗು ಬಂತು. ತಾಯಿತಂದೆ ಬಳ್ಳಾರಿಯ ಕಡೆಯವರು. ಅವನು ಹುಟ್ಟಿ ಬೆಳೆದದ್ದೆಲ್ಲ ವಿಜಯವಾಡದಲ್ಲಿ. ಕನ್ನಡ ಅವನಿಗೆ ಅಜ್ಜಿಯೊಂದಿಗೆ ಆಡುವ ಭಾಷೆ, ಅಷ್ಟೇ; 'ಅಲ್ಲವೇ' ಎನ್ನುವ ಕಡೆ ತೆಲುಗಿನ 'ಕದಾ' ನುಸುಳುತ್ತಿತ್ತು. ಹಾಗಾಗಿ ಮಂಗಳಾಗೌರಿಯವರ ಎದುರು ಅವನು ಮೊದಲಿನಿಂದಲೂ ಸ್ವಲ್ಪ ಮೊಮ್ಮಗನಂತೆಯೇ ನಡೆದುಕೊಳ್ಳುತ್ತಿದ್ದ.

"ಈಗ ನಿಧಾನಕ್ಕೆ ಹಿಂದೆ ಎಳೀತೀನಿ."

ನಳಿಕೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಮೇಲೆ ಬಂತು. ಒಂದೂವರೆ. ಒಂದೂವರೆ. ಎರಡು. ಮರುಕ್ಷಣ ಅಂಕಿ ಆರಕ್ಕೆ ಹಾರಿತು.

"ಬಾಗಿಲು ದಾಟಿತು," ಎಂದ ಫಣಿ. "ಅನ್ನನಾಳ ಹೊಟ್ಟೆಗೆ ಸೇರೋ ಕಡೆ ಒಂದು ಬಿಗಿ ಇರುತ್ತೆ. ಅದರ ಕೆಳಗೆ ಹುಳಿ, ಮೇಲೆ ಹುಳಿ ಇಲ್ಲ. ಈ ಬಾಗಿಲು ಸಿಕ್ಕಿದ ಮೇಲೆ ಅಲ್ಲಿಂದ ಹತ್ತು ಸೆಂಟಿಮೀಟರ್ ಒಳಗೆ ತಳ್ಳಿ ಟೇಪ್ ಹಾಕ್ತೀವಿ."

ಮಂಗಳಾಗೌರಿಯವರು ಪರದೆಯ ಮೇಲೆ ಬಾಗಿದ್ದರು. "ಇಷ್ಟೇನಾ? ಒಂದು ಬೆರಳು ಎಳೆದದ್ದಕ್ಕೆ ಒಂದೂವರೆ ಹೋಗಿ ಆರಾಯ್ತಾ?"

"ಅಷ್ಟೇ ಅಮ್ಮಗಾರು. ಅದಕ್ಕೇ ಎಲ್ಲಿ ನಿಲ್ಲಿಸ್ತೀವಿ ಅನ್ನೋದು ಮುಖ್ಯ."

ಇಡೀ ಮೊಕದ್ದಮೆ ನಿಂತದ್ದು ಆ ಒಂದು ಬೆರಳಿನ ಮೇಲೆಯೇ.

ಪೃಥ್ವೀರಾಜನ ರೈಲು ಗೋದಾವರಿ ದಾಟಿದ ಸ್ವಲ್ಪ ಹೊತ್ತಿಗೆ ಅವನ ಪೆಟ್ಟಿಗೆಯಲ್ಲೂ ಅಂಕಿ ಹೀಗೆಯೇ ಮೇಲಕ್ಕೆ ಹಾರಿತ್ತು. ಬಿಂದುವಿನ ವಕೀಲೆ ಹರಿಣಿಯ ವಾದ ಸರಳವಾಗಿತ್ತು: ರೈಲಿನಲ್ಲಿ ಉರಿ ತಡೆಯಲಾರದೆ, ಡಾಕ್ಟರು ಬೇಡವೆಂದು ಹೇಳಿದ್ದರೂ, ಅವನು ಹುಳಿ ತಗ್ಗಿಸುವ ಗುಲಾಬಿ ಬಣ್ಣದ ಸಿರಪ್ಪು ಕುಡಿದ, ಹುಳಿ ಸತ್ತಿತು, ಅಂಕಿ ಏರಿತು, ವಿಷವಿದ್ದದ್ದು ಸಿರಪ್ಪಿನಲ್ಲಿ. ಆ ಹೊತ್ತಿನಲ್ಲಿ ಬಿಂದು ವಿಶಾಖಪಟ್ಟಣದ ಹೊರಗಿನ ಪರವಾಡದ ಔಷಧ ಕಾರ್ಖಾನೆಯ ಪಾಳಿಯಲ್ಲಿದ್ದಳು. ಕಂಪನಿಯ ಬಸ್ಸಿನಲ್ಲಿ ಹೋದವಳು ಕಂಪನಿಯ ಬಸ್ಸಿನಲ್ಲೇ ಮರಳಿದ್ದಳು.

ಸಿರಪ್ಪಿನ ಸೀಸೆ ಮಾತ್ರ ಎಲ್ಲೂ ಸಿಕ್ಕಿರಲಿಲ್ಲ.

ಇನ್ಸ್‌ಪೆಕ್ಟರ್ ಕನಕದುರ್ಗ ಅವರ ವಾದವೂ ಅಷ್ಟೇ ಸರಳ: ಸಿರಪ್ಪೂ ಇಲ್ಲ, ಏನೂ ಇಲ್ಲ. ಕತ್ತೆತ್ತಿ ನಿದ್ದೆ ಮಾಡಿದಾಗಲೋ ಕೆಮ್ಮಿದಾಗಲೋ ನಳಿಕೆ ಜಾರಿ ಹೊಟ್ಟೆಯಿಂದ ಅನ್ನನಾಳಕ್ಕೆ ಬಂತು, ಅದಕ್ಕೇ ಅಂಕಿ ಏರಿತು. ವಿಷವಿದ್ದದ್ದು ಹೆಂಡತಿಯ ಊಟದಲ್ಲಿ. ಅವಳು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಮಿಸ್ಟು. ಅವನ ದೇಹದಲ್ಲಿ ಸಿಕ್ಕ ವಿಷ ಅದೇ ಪ್ರಯೋಗಾಲಯದ ಕಪಾಟಿನಲ್ಲಿ ಇರುವಂಥದು. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು, ಆ ವಿಷ ಬೇಗವೂ ಕೊಲ್ಲಬಹುದು, ತಡವಾಗಿಯೂ ಕೊಲ್ಲಬಹುದು ಎಂದು ಹೇಳಿ ಕೈತೊಳೆದುಕೊಂಡಿದ್ದರು.

ನಳಿಕೆ ಬಾಗಿಲಿನಿಂದ ಹತ್ತು ಸೆಂಟಿಮೀಟರ್ ಒಳಗಿದ್ದರೆ ಕೆಮ್ಮಿದರೂ ಕತ್ತೆತ್ತಿದರೂ ಹೊರಗೆ ಬರಲಾರದು. ಆಗ ಬಿಂದು ಬದುಕಿದಳು. ಒಂದೆರಡು ಸೆಂಟಿಮೀಟರ್ ಮಾತ್ರ ಒಳಗಿದ್ದರೆ, ರೈಲಿನ ಒಂದು ಕುಲುಕಾಟ ಸಾಕು. ಆಗ ಅವಳನ್ನು ಉಳಿಸುವವರಿಲ್ಲ.

ಹತ್ತು ಸೆಂಟಿಮೀಟರ್ ಎಂದು ಫಣಿ ಪೊಲೀಸರಿಗೆ ಬಾಯಿಮಾತಿನಲ್ಲಿ ಹೇಳಿದ್ದ. ನಿವೃತ್ತಿಯ ನಂತರ ಖಾಸಗಿ ಪತ್ತೇದಾರನಾಗಿದ್ದ ಜಯದೇವ, ಮಂಗಳಾಗೌರಿಯವರ ಕರೆಯ ಮೇರೆಗೆ, ಅದನ್ನೇ ಸಹಿಯ ಸಮೇತ ಪಡೆಯಲು ಬಂದಿದ್ದ. ಹೇಗೆ ಅಳೆಯುತ್ತಾನೆಂದು ಕಣ್ಣಾರೆ ಕಂಡು ತಾನೂ ಸಾಕ್ಷಿ ಹೇಳಬೇಕೆಂದು, ತನ್ನ ಮೂಗನ್ನೇ ಒಡ್ಡಿದ್ದ.

ಹಾಗೆ ಒಡ್ಡದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನಿಸಿದ್ದು ಮುಂದಿನ ಕ್ಷಣದಲ್ಲಿ.

ಫಣಿ ಬಲಗೈಯ ಎರಡು ಬೆರಳಿನಿಂದ ನಳಿಕೆಯನ್ನು ಹೊಳ್ಳೆಯ ಬಳಿ ಹಿಡಿದ. ನಳಿಕೆಯ ಮೈಮೇಲೆ ಪ್ರತಿ ಸೆಂಟಿಮೀಟರಿಗೂ ಒಂದು ಕಪ್ಪು ಗೆರೆ, ಐದಕ್ಕೊಮ್ಮೆ ಒಂದು ಅಂಕಿ, ಎಲ್ಲ ಸ್ಪಷ್ಟವಾಗಿ ಅಚ್ಚಾಗಿತ್ತು. ಹೊಳ್ಳೆಯ ಅಂಚಿನಲ್ಲಿ ಯಾವ ಗೆರೆಯಿದೆ ಎಂದು ಓದಿ, ಹತ್ತು ಗೆರೆ ಒಳಗೆ ಹೋಗುವಷ್ಟು ತಳ್ಳಿದರೆ ಮುಗಿಯಿತು.

ಫಣಿ ಗೆರೆಯನ್ನು ನೋಡಲಿಲ್ಲ.

ಹೊರಗಿದ್ದ ನಳಿಕೆಯನ್ನು ಎಡಗೈಯಿಂದ ಪಕ್ಕದ ಮೇಜಿನ ಅಂಚಿಗೆ ಒತ್ತಿದ. ಅಂಚಿನಲ್ಲಿ ಬ್ಲೇಡಿನಿಂದ ಕೊರೆದ ಎರಡು ಗೀರುಗಳಿದ್ದವು. ಮೊದಲ ಗೀರಿನಿಂದ ಎರಡನೆಯದಕ್ಕೆ ಅಳೆದು, ಆ ಜಾಗವನ್ನು ಉಗುರಿನಿಂದ ಚಿವುಟಿ ಹಿಡಿದು, ಉಗುರು ಹೊಳ್ಳೆಗೆ ತಾಗುವವರೆಗೆ ನಳಿಕೆಯನ್ನು ಒಳಗೆ ತಳ್ಳಿದ. ಎಲ್ಲವೂ ಕಣ್ಣರೆಪ್ಪೆ ಮಿಟುಕಿಸುವಷ್ಟರಲ್ಲಿ, ಅಭ್ಯಾಸವಾದ ಕೈಯ ಓಘದಲ್ಲಿ ನಡೆದುಹೋಯಿತು. ಮೂಗಿಗೆ ಟೇಪು, ಕೆನ್ನೆಗೆ ಇನ್ನೊಂದು ಟೇಪು.

"ಅಷ್ಟೇ ಸಾರ್. ಇನ್ನು ಮಾತಾಡಬಹುದು. ಸ್ವಲ್ಪ ಕರಕರ ಅನಿಸುತ್ತೆ."

ಜಯದೇವ ಮೇಜಿನ ಅಂಚನ್ನೇ ನೋಡುತ್ತಿದ್ದ.

"ಫಣಿ, ಒಂದು ಮಾತ ಕೇಳ್ತೀನಿ," ಎಂದ ಕೊನೆಗೆ. ತನ್ನ ದನಿ ತನಗೇ ಬೇರೆಯವರದೆನಿಸಿತು. "ನಳಿಕಿ ಮ್ಯಾಲೆ ಇಷ್ಟು ಚಂದ ಗೆರಿ ಹಾಕ್ಯಾರ. ನೀ ಯಾಕ ಮೇಜಿಗೆ ಹಿಡದು ಅಳದಿ?"

ಫಣಿಯ ಕೈ ಟೇಪಿನ ಸುರುಳಿಯ ಮೇಲೆ ನಿಂತಿತು.

"ಅಭ್ಯಾಸ ಸಾರ್."

"ಅದ ಕೇಳಾಕತ್ತೀನಿ. ಗೆರಿ ಇದ್ದವನಿಗೆ ಮೇಜಿನ ಅಭ್ಯಾಸ ಹೆಂಗ ಬಂತು?"

ಜಯದೇವ ಅಂಗಿಯ ಜೇಬಿನಿಂದ ಫೋನು ತೆಗೆದ. ಮೃತನ ಮೂಗಿನಿಂದ ಆಸ್ಪತ್ರೆಯಲ್ಲಿ ತೆಗೆದು ಪೊಲೀಸರು ವಶಪಡಿಸಿಕೊಂಡ ನಳಿಕೆಯ ಚಿತ್ರ ಅದರಲ್ಲಿತ್ತು. ಅದೆಷ್ಟೋ ಸಲ ನೋಡಿದ್ದ ಚಿತ್ರ. ಬಿಳಿಯ ಬಟ್ಟೆಯ ಮೇಲೆ ಬಿಳಿಯ ನಳಿಕೆ, ಗೆರೆಗಳಿಲ್ಲ, ಅಂಕಿಗಳಿಲ್ಲ. ಪೊಲೀಸು ಫೋಟೋಗ್ರಾಫರನಿಗೆ ಬೆಳಕಿನ ಜ್ಞಾನವಿಲ್ಲವೆಂದು ಅವನು ಬೈದುಕೊಂಡಿದ್ದ.

ಈಗ ಅದನ್ನು ಫಣಿಯ ಮುಂದೆ ಹಿಡಿದ.

"ಇದರ ಗೆರಿ ಎಲ್ಲಿಗೆ ಹೋದ್ವು?"

ಫಣಿ ಮೊದಲು ಬಾಗಿಲನ್ನು ನೋಡಿದ, ಆಮೇಲೆ ಚಿತ್ರವನ್ನು. "ಸಾರ್, ಮೆಲ್ಲಗೆ. ಡಾಕ್ಟರ್‌ಗಾರು ಪಕ್ಕದಲ್ಲೇ ಇದ್ದಾರೆ."

"ಮೆಲ್ಲಗ ಹೇಳು. ನನಗೂ ಜೋರಾಗಿ ಮಾತಾಡಾಕ ಬರೂದಿಲ್ಲ, ನೀನ ಮೂಗ ಕಟ್ಟೀದಿ."

"ಪ್ಯಾಕೆಟ್ ಮೇಲೆ ಒಬ್ಬರಿಗೆ ಮಾತ್ರ ಅಂತ ಬರೆದಿರ್ತಾರೆ ಸಾರ್. ಇಲ್ಲಿ ಬಿಸಾಡಲ್ಲ. ತೊಳೆದು, ಔಷಧಿ ನೀರಲ್ಲಿ ನೆನೆಸಿ, ಒಣಗಿಸಿ, ಮತ್ತೆ ಹಾಕ್ತೀವಿ. ನೆನೆಸಿ ನೆನೆಸಿ ಆ ಇಂಕು ಹೋಗ್ಬಿಡುತ್ತೆ." ಅವನ ಕನ್ನಡ ತಡವರಿಸಿತು. "ನಿಮಗೆ ಮಾತ್ರ ಹೊಸದು ತೆಗೆದೆ. ಕೋರ್ಟಿನ ಕಡೆಯವರು ಕದಾ."

"ಅಂದ್ರೆ," ಎಂದರು ಮಂಗಳಾಗೌರಿ ನಿಧಾನವಾಗಿ, "ಇನ್ನೊಬ್ಬರ ಹೊಟ್ಟೆಯಿಂದ ತೆಗೆದಿದ್ದನ್ನ ನಮ್ಮ ಅಳಿಯಂದಿರಿಗೆ ಹಾಕಿದ್ಯಾ?"

"ತೊಳೆದಿದ್ದು ಅಮ್ಮಗಾರು. ಮೂರು ಸಲ ತೊಳೀತೀವಿ."

"ಎಂಜಲು ತೊಳೆದ್ರೆ ಹೋಗುತ್ತೇನಪ್ಪ?"

ಫಣಿಯ ಮುಖ ಕೆಂಪಾಯಿತು. ಆ ಮಾತು ಪೊಲೀಸರ ಯಾವ ಪ್ರಶ್ನೆಗಿಂತಲೂ ಹೆಚ್ಚಾಗಿ ಅವನಿಗೆ ತಾಗಿದಂತಿತ್ತು.

ಜಯದೇವನಿಗೆ ಇನ್ನೂ ಒಂದು ಆಸೆ ಉಳಿದಿತ್ತು. ಮೇಜಿನ ಗೀರುಗಳು ನಿಜವಾಗಿಯೂ ಹತ್ತು ಸೆಂಟಿಮೀಟರ್ ದೂರದಲ್ಲಿವೆಯಾದರೆ, ಗೆರೆಯಿಲ್ಲದ ನಳಿಕೆಯಿಂದಲೂ ಸರಿಯಾಗಿ ಅಳೆಯಬಹುದು. ಮೇಜನ್ನೇ ನ್ಯಾಯಾಲಯಕ್ಕೆ ಹೊತ್ತೊಯ್ದರಾಯಿತು. ನಗೆಪಾಟಲಾದರೂ ಚಿಂತೆಯಿಲ್ಲ.

"ಪೃಥ್ವೀರಾಜಗೂ ಇದ ಮೇಜಿಗೆ ಹಿಡದ ಅಳದಿ, ಹೌದಲ್ಲೋ?"

ಫಣಿ ತಲೆಯಾಡಿಸಿದ. ಹೌದೆಂದಲ್ಲ.

"ಆ ದಿನ ಈ ರೂಮಲ್ಲಿ ಬೇರೆ ಕೇಸ್ ನಡೀತಿತ್ತು ಸಾರ್. ಅವರಿಗೆ ರೈಲಿಗೆ ಹೊತ್ತಾಗಿತ್ತು. ಬೇಗ ಹಾಕ್ಬಿಡು ಬಾಬು, ಬೇಗ ಹಾಕ್ಬಿಡು ಅಂತ ಒಂದೇ ಸಮ. ವರಾಂಡದ ಬೆಂಚಿನ ಮೇಲೆ ಕೂಡಿಸಿ ಹಾಕಿದೆ. ಬಾಗಿಲು ಸಿಕ್ಕಿತು, ಅದು ನಿಜ. ಪೆಟ್ಟಿಗೇಲೂ ಬಂದಿದೆ. ಆಮೇಲೆ ಬೆರಳಿನ ಅಂದಾಜಲ್ಲಿ ತಳ್ಳಿದೆ."

"ಎಷ್ಟು ತಳ್ಳಿದಿ?"

"ತೆಲೀದು ಸಾರ್." ಅವನಿಗರಿವಿಲ್ಲದೆ ತೆಲುಗು ಬಾಯಿಗೆ ಬಂದಿತ್ತು. "ಗೊತ್ತಿಲ್ಲ. ಹತ್ತಿರಬಹುದು. ಮೂರಿರಬಹುದು. ಅವರು ನಡುವೆ ಒಂದು ಸಲ ಸೀನಿದ್ರು. ಮತ್ತೆ ಸ್ವಲ್ಪ ತಳ್ಳಿದೆ. ಎಷ್ಟು ಹೊರಗೆ ಬಂತು, ಎಷ್ಟು ಒಳಗೆ ಹೋಯ್ತು ಅಂತ ನೋಡೋಕೆ ಗೆರೆ ಎಲ್ಲಿತ್ತು?"

ಹೊರಗೆ ಯಾರೋ ಟೋಕನ್ ನಂಬರು ಕೂಗಿದರು. ಸ್ಟೀಲು ಕುರ್ಚಿಯೊಂದು ನೆಲಕ್ಕೆ ಉಜ್ಜಿದ ಸದ್ದಾಯಿತು.

"ಪೊಲೀಸರಿಗೆ ಹತ್ತು ಅಂತ ಹೇಳಿದ್ದಿ ಅಲ್ಲೋ?"

"ಹತ್ತು ಅಂತ ಹೇಳಬೇಕು ಅಂತಲೇ ನಮಗೆ ಕಲಿಸಿರೋದು. ನಾಳೆ ಕೋರ್ಟಲ್ಲೂ ಹತ್ತೇ ಅಂತೀನಿ ಸಾರ್. ಅಮ್ಮಗಾರಿಗೋಸ್ಕರ ಆದ್ರೂ ಅಂತೀನಿ. ಸಹಿ ಹಾಕು ಅಂದ್ರೆ ಈಗಲೇ ಹಾಕ್ತೀನಿ." ಫಣಿ ಕಣ್ಣೆತ್ತಿ ಅವನನ್ನು ನೋಡಿದ. "ಆದ್ರೆ ಆ ನಳಿಕೆ ತಂದು ನನ್ನ ಮುಂದೆ ಇಟ್ಟು, ಯಾವ ಗೆರೆ ನೋಡಿ ಹತ್ತು ಅಂದೆ ಅಂತ ಕೇಳಿದ್ರೆ ನಾನೇನು ತೋರಿಸ್ಲಿ?"

ಕನಕದುರ್ಗ ಕೇಳಿಯೇ ಕೇಳುತ್ತಾರೆ. ಇಂದಲ್ಲದಿದ್ದರೆ ನಾಳೆ, ಜಾಮೀನಿನಲ್ಲಿ ಅಲ್ಲದಿದ್ದರೆ ವಿಚಾರಣೆಯಲ್ಲಿ. ಗೆರೆಯಿಲ್ಲದ ಆ ನಳಿಕೆ ಅವರದೇ ಕಪಾಟಿನಲ್ಲಿ ಮೊಹರಿನ ಚೀಲದೊಳಗಿದೆ. ಸುಳ್ಳು ಸಾಕ್ಷಿಯೆಂದು ತಿಳಿದ ದಿನ ಬಿಂದುವಿನ ಕಡೆಯ ಉಳಿದೆಲ್ಲ ಮಾತುಗಳೂ ಸುಳ್ಳಾಗುತ್ತವೆ.

ಪತ್ತೇದಾರನ ಕಣ್ಣು ಎಂದು ಜನ ಹೊಗಳಿದ್ದರು. ಆ ಕಣ್ಣು ಮೇಜಿನ ಅಂಚನ್ನು ಕಾಣದೆ ಇದ್ದಿದ್ದರೆ, ಈ ಹೊತ್ತಿಗೆ ಅವನು ಸಹಿ ಪಡೆದು, ನೆಮ್ಮದಿಯಿಂದ ಮರಳುವ ರೈಲಿಗೆ ಕಾಯುತ್ತಿದ್ದ. ಕಂಡದ್ದನ್ನು ಕಾಣದಂತೆ ಮಾಡುವ ವಿದ್ಯೆ ಅವನಿಗೆ ಗೊತ್ತಿರಲಿಲ್ಲ.

"ಫಣೀ," ಎಂದು ಪಕ್ಕದ ಕೋಣೆಯಿಂದ ದನಿ ಬಂತು.

"ವಸ್ತುನ್ನಾನಂಡಿ," ಬಂದೆ ಎಂದು ತೆಲುಗಿನಲ್ಲಿ ಓಗೊಟ್ಟು ಫಣಿ ಎದ್ದ. ಬಾಗಿಲಲ್ಲಿ ನಿಂತು ಮಂಗಳಾಗೌರಿಯವರ ಕಡೆ ತಿರುಗಿ ಕೈಮುಗಿದು ಹೋದ.

ಕೋಣೆಯಲ್ಲಿ ಇಬ್ಬರೇ ಉಳಿದರು. ಜಯದೇವನ ಮೂಗಿನಿಂದ ಇಳಿದ ನಳಿಕೆ ಕೆನ್ನೆಯ ಮೇಲೆ ಹಾದು ಮಡಿಲಿನ ಪೆಟ್ಟಿಗೆಗೆ ಸೇರಿತ್ತು. ಪರದೆಯ ಮೇಲೆ ಒಂದೂವರೆ ಎಂಬ ಅಂಕಿ ಕದಲದೆ ಕುಳಿತಿತ್ತು. ನಳಿಕೆಯನ್ನು ಕಿತ್ತು ಎಸೆಯಬೇಕೆನಿಸಿತು. ಹೇಗೆ ಎಳೆಯಬೇಕೆಂಬುದು ಅವನಿಗೆ ಗೊತ್ತಿರಲಿಲ್ಲ.

ಜೇಬಿನಲ್ಲಿ ಫೋನು 'ಗುಂಯ್' ಎಂದಿತು. ಹರಿಣಿ. ಸಹಿ ಸಿಕ್ಕಿತೇ ಎಂದು ಕೇಳಲು. ಅವನು ಎತ್ತಲಿಲ್ಲ.

"ಅಕ್ಕಾರ," ಎಂದ. "ನನ್ನಿಂದ ಆಗಲಿಲ್ಲರಿ."

ಮಂಗಳಾಗೌರಿಯವರು ಲೋಟವನ್ನು ಮೇಜಿನ ಮೇಲಿಟ್ಟರು. ಎದ್ದು ಹೋಗಿ ಬಾಗಿಲಿನ ಚಿಲಕ ಹಾಕಿದರು. ಮರಳಿ ಕುಳಿತು, ಕೈಚೀಲದೊಳಗೆ ಕೈಹಾಕಿ, ಹಳೆಯ ಟವೆಲ್ಲಿನಲ್ಲಿ ಸುತ್ತಿದ ಏನನ್ನೋ ಹೊರತೆಗೆದರು. ಅದನ್ನು ಬಿಚ್ಚಿದ ರೀತಿ ಮಲಗಿದ ಮಗುವಿನ ಹೊದಿಕೆ ಸರಿಸಿದಂತಿತ್ತು.

ಗುಲಾಬಿ ಬಣ್ಣದ ಸಿರಪ್ಪಿನ ಸೀಸೆ. ಅರ್ಧಕ್ಕಿಂತ ಸ್ವಲ್ಪ ಕೆಳಗಿನವರೆಗೆ ತುಂಬಿತ್ತು.

"ನಿಮ್ಮ ನಳಿಕೆ ಸಾಕಾಗಿದ್ದಿದ್ರೆ ಇದು ಬೇಕಾಗ್ತಿರ್ಲಿಲ್ಲ," ಎಂದರು. "ಅಳಿಯಂದಿರ ಬ್ಯಾಗಲ್ಲಿ ಇತ್ತು. ಆ ರಾತ್ರಿ ನಾನೇ ತೆಗೆದಿಟ್ಟೆ. ಅದಕ್ಕೆ ಮುಂಚೆ, ಅವರು ಹಿಂದಿನ ಸಲ ಬಂದು ಹೊರಟಾಗ, ಚಟ್ನಿಪುಡಿ ಉಪ್ಪಿನಕಾಯಿ ಜೊತೆ ಅದನ್ನ ಇಟ್ಟು ಕಳಿಸಿದ್ದೂ ನಾನೇ. ಅದರೊಳಗೆ ಹಾಕಿದ್ದೂ ನಾನೇ. ಬಿಂದುಗೆ ಏನೂ ಗೊತ್ತಿಲ್ಲ. ಬರ್ಕೊಳಿ."

ಜಯದೇವ ಆಕೆಯ ಮುಖವನ್ನು ನೋಡಿದ. ಈ ಮುಖವನ್ನು ಅವನು ನೌಕಾಪಡೆಯ ದಿನಾಚರಣೆಗಳಲ್ಲಿ ಕಂಡಿದ್ದ, ಗಂಡನ ಶವದ ಪಕ್ಕದಲ್ಲಿ ಕಂಡಿದ್ದ. ಇಷ್ಟು ಶಾಂತವಾಗಿ ಎಂದೂ ಕಂಡಿರಲಿಲ್ಲ.

"ಯಾಕ್ರಿ?" ಎಂದ.

"ಯಾಕೆ ಅನ್ನೋದು ನನಗೂ ಅವರಿಗೂ ಇದ್ದದ್ದು. ಕೋರ್ಟಿಗೆ ಬೇಕಾದ್ರೆ ಅಲ್ಲಿ ಹೇಳ್ತೀನಿ. ನೀವು ಇದನ್ನ ಆ ವಕೀಲಮ್ಮನಿಗೆ ತಲುಪಿಸಿ, ಸಾಕು."

ಅವನು ಸೀಸೆಯನ್ನು ಟವೆಲ್ಲಿನ ಅಂಚಿನಿಂದ ಹಿಡಿದು ಎತ್ತಿದ. ಬೆಳಕಿಗೆ ಹಿಡಿದು ಅಲುಗಿಸಿದ. ತಳದಲ್ಲಿ ಕೂತಿದ್ದ ಗಸಿ ಮೇಲೆದ್ದು ಹರಡಿತು. ಚೀಟಿಯನ್ನು ಓದಲು ಕೈಯನ್ನು ಉದ್ದಕ್ಕೆ ಚಾಚಬೇಕಾಯಿತು. ವಯಸ್ಸಿನಿಂದ ಅವನಿಗೆ ಹತ್ತಿರದ ಅಕ್ಷರ ಮಸುಕು. ಔಷಧದ ಹೆಸರು. ಕಂಪನಿಯ ಹೆಸರು. ಅದರ ಕೆಳಗೆ, ಚೀಟಿ ಅಂಟಿಸಿದ ಮೇಲೆ ಬೇರೆ ಯಂತ್ರದಿಂದ ಒತ್ತಿದ ಸಣ್ಣ ಅಕ್ಷರಗಳಲ್ಲಿ, ತಯಾರಾದ ತಿಂಗಳು.

ಈ ವರ್ಷದ ಏಪ್ರಿಲ್.

ಪೃಥ್ವೀರಾಜ ಸತ್ತದ್ದು ಅದಕ್ಕೂ ಮುಂಚೆ, ಇದೇ ವರ್ಷದ ಶಿವರಾತ್ರಿಯ ವಾರದಲ್ಲಿ. ಯುಗಾದಿ ಕಳೆದ ಮೇಲೆ ತಯಾರಾದ ಸೀಸೆ ಶಿವರಾತ್ರಿಯಲ್ಲಿ ಸತ್ತವನನ್ನು ಕೊಲ್ಲಲಾರದು.

"ಅಕ್ಕಾರ, ನಿಮ್ಮ ಕನ್ನಡಕ ಎಲ್ಲೈತಿ?"

"ಮನೇಲಿ ಬಿಟ್ಟು ಬಂದೆ. ಯಾಕೆ?"

ಅವನು ಚೀಟಿಯ ಮೇಲಿದ್ದುದನ್ನು ಮೆಲ್ಲಗೆ ಓದಿ ಹೇಳಿದ.

ಹೊರಗೆ ಮತ್ತೊಂದು ಟೋಕನ್ ನಂಬರು ಕೂಗಿದರು, ಯಾರೂ ಬರದಿದ್ದರಿಂದ ಅದನ್ನೇ ಮತ್ತೆ ಕೂಗಿದರು. ಆಮೇಲೆ ಆಕೆಯ ಹೆಗಲುಗಳು, ಯಾರೋ ಹಿಂದಿನಿಂದ ಕಟ್ಟಿದ್ದ ದಾರ ಬಿಚ್ಚಿದ ಹಾಗೆ, ಕೆಳಗಿಳಿದವು.

"ಬೇರೆ ಹಳೇ ಬಾಟ್ಲಿ ತಂದುಕೊಟ್ರೆ ಆಗುತ್ತಾ?" ಎಂದು ಕೇಳಿದರು.

ಬೇರೆಯ ದಿನವಾಗಿದ್ದರೆ ಆ ಪ್ರಶ್ನೆಗೆ ಅವನು ನಗುತ್ತಿದ್ದನೇನೋ.

"ಇದನ್ನ ಔಷಧ ಅಂಗಡ್ಯಾಗ ಕೊಂಡೀರಿ. ಅದು ಇರಲಿ," ಎಂದ. "ಒಳಗ ಏನ ಹಾಕೀರಿ?"

"ಅದೇ."

"ಅದೇ ಅಂದ್ರ?"

"ಅವರನ್ನ ಕೊಂದಿದ್ದೇ. ಪರೀಕ್ಷೆಗೆ ಕಳಿಸಿದ್ರೆ ಅದೇ ಅಂತಲೇ ಬರುತ್ತೆ. ಅಷ್ಟೂ ಗೊತ್ತಿಲ್ದೆ ಹಾಕ್ತೀನಾ?"

ಸೀಸೆ ಹಿಡಿದ ಜಯದೇವನ ಕೈ ತಾನಾಗಿಯೇ ದೂರ ಸರಿಯಿತು. ಅದನ್ನು ಮೇಜಿನ ಮೇಲಿಟ್ಟು, ಟವೆಲ್ಲು ಮುಚ್ಚಿದ. ಪೆಟ್ಟಿಗೆಯ ಅಂಕಿಯನ್ನು ನೋಡಿದ. ಅದು ಇನ್ನೂ ಒಂದೂವರೆಯೇ ಆಗಿತ್ತು. ಎದೆಯೊಳಗೆ ಇಷ್ಟೆಲ್ಲ ನಡೆದರೂ ಹೊಟ್ಟೆಗೆ ಏನೂ ತಿಳಿದಿರಲಿಲ್ಲ.

"ಅದು ನಿಮ್ಮ ಕೈಗೆ ಹೆಂಗ ಬಂತು?"

"ಮನೇಲಿತ್ತು."

"ಪೊಲೀಸರು ಎರಡು ಸಲ ಮನಿ ಹುಡುಕ್ಯಾರ. ಅಕ್ಕಿ ಡಬ್ಬಿಗೆ ಸೈತ ಕೈ ಹಾಕ್ಯಾರ."

"ದೇವರ ಮನೆಗೆ ಹಾಕ್ಲಿಲ್ಲ," ಎಂದರು ಮಂಗಳಾಗೌರಿ. "ಸೂತಕ ಇತ್ತಲ್ಲ, ಬಾಗಿಲು ಹಾಕಿದ್ದೆ. ಸೂತಕ ಕಳಿಯೋವರೆಗೂ ತೆಗೆಯಲ್ಲಮ್ಮ ಅಂದೆ. ಆ ಕನಕದುರ್ಗಮ್ಮನೂ ಹೆಣ್ಣಲ್ವೇ, ಒಪ್ಪಿದ್ರು. ಹೊರಗೇ ನಿಂತು ಕೈಮುಗಿದು ಹೋದ್ರು. ಎರಡೂ ಸಲ." ಸ್ವಲ್ಪ ತಡೆದರು. "ಸೂತಕ ಕಳೆದ ಮೇಲೆ ಒಳಗೆ ಹೋಗಿ ತೊಳೆಯೋಕೆ ಅಂತ ಎಣ್ಣೆ ಡಬ್ಬ ಎತ್ತಿದೆ. ಅದರ ಹಿಂದೆ ಇತ್ತು. ಸಣ್ಣ ಡಬ್ಬಿ. ಬಿಂದು ಕಾರ್ಖಾನೆ ಚೀಟಿ ಅಂಟಿಸಿದ್ದು."

"ಅಷ್ಟೊತ್ತಿಗೆ ಬಿಂದೂನ ಕರಕೊಂಡ ಹೋಗಿದ್ರು."

"ಹೂಂ."

"ನೀವು ಯಾರಿಗೂ ಹೇಳಲಿಲ್ಲ. ನನಗೂ."

"ಏನಂತ ಹೇಳ್ಲಿ ಜಯದೇವಪ್ಪ?" ಆಕೆಯ ದನಿ ಮೊದಲ ಬಾರಿಗೆ ಒಡೆಯಿತು. "ನನ್ನ ಮಗಳು ಗಂಡನ್ನ ಕೊಂದು, ಉಳಿದಿದ್ದನ್ನ ದೇವರ ಹಿಂದೆ ಇಟ್ಟಿದ್ಲು ಅಂತ ಹೇಳ್ಲಾ? ನಿಮ್ಮನ್ನ ಕರೆದಿದ್ದು ಅವಳು ಮಾಡಿಲ್ಲ ಅಂತ ತೋರಿಸೋಕೆ. ಮಾಡಿದಾಳೋ ಇಲ್ವೋ ಅಂತ ನೋಡೋಕೆ ಅಲ್ಲ."

ಅಂದರೆ ಈ ತಾಯಿ ಇಷ್ಟು ದಿನವೂ ಮಗಳನ್ನು ಕೊಲೆಗಾತಿಯೆಂದೇ ನಂಬಿ ಅವಳಿಗಾಗಿ ಓಡಾಡುತ್ತಿದ್ದರು. ರೈಲಿನಲ್ಲಿ ಅವನಿಗೆ ಪುಳಿಯೋಗರೆಯ ಪೊಟ್ಟಣ ತೋರಿಸಿ, ನಳಿಕೆ ತೆಗೆದ ಮೇಲೆ ತಿನ್ನುವಿರಂತೆ ಎಂದಾಗಲೂ. ಮೂಗಿನ ಬಗ್ಗೆ ತಮಾಷೆ ಮಾಡಿದಾಗಲೂ.

"ಆ ಡಬ್ಬಿ ಎಲ್ಲೈತಿ?"

"ಖಾಲಿ ಮಾಡಿ, ಸೋಪಿನ ನೀರಲ್ಲಿ ಚೆನ್ನಾಗಿ ತೊಳೆದೆ. ಬಸ್ಸಲ್ಲಿ ಋಷಿಕೊಂಡದವರೆಗೂ ಹೋಗಿ, ಬಂಡೆ ಹತ್ರ ಸಮುದ್ರಕ್ಕೆ ಹಾಕಿ ಬಂದೆ. ನಮ್ಮ ಮನೆ ಹತ್ರ ಹಾಕಿದ್ರೆ ಯಾರಾದ್ರೂ ನೋಡ್ತಾರೆ ಅಂತ."

ಫೋನು ಮತ್ತೆ 'ಗುಂಯ್' ಎನ್ನತೊಡಗಿತು. ಜಯದೇವ ಜೇಬಿನ ಮೇಲೆ ಅಂಗೈಯೊತ್ತಿ ಅದನ್ನು ಸುಮ್ಮನಾಗಿಸಲು ನೋಡಿದ. ಅವನ ತಲೆಯೊಳಗೆ ಸಣ್ಣದೊಂದು ಸಂಗತಿ ಎಲ್ಲೋ ಕೂತುಕೊಳ್ಳಲು ಜಾಗ ಹುಡುಕುತ್ತಿತ್ತು.

"ಅಕ್ಕಾರ, ಬಿಂದು ದೇವರ ಮನಿಗೆ ಹೋಗ್ತಿದ್ಲೇನು?"

"ಅವಳಾ? ಒಂದು ದೀಪ ಹಚ್ಚೇ ಅಂದ್ರೆ, ಅಮ್ಮ ಬಸ್ಸು ಹೋಗುತ್ತೆ ಅಂತ ಚಪ್ಪಲಿ ಹಾಕ್ಕೋತಿದ್ಲು. ಆ ಹೊಸ್ತಿಲು ದಾಟಿದ್ದೇ ನಾನು ನೋಡಿಲ್ಲ. ಆ ಎಣ್ಣೆ ಡಬ್ಬ ಎಲ್ಲಿರುತ್ತೆ ಅಂತಾನೂ ಅವಳಿಗೆ..."

ಮಾತು ಅಲ್ಲಿಗೇ ನಿಂತಿತು.

"ನೀವು ಹೋಗ್ತಿದ್ರಿ," ಎಂದ ಜಯದೇವ. "ನಿಮ್ಮನ್ನ ಬಿಟ್ಟರ ಮತ್ತ ಯಾರು?"

ಬಾಗಿಲನ್ನು ಹೊರಗಿನಿಂದ ಮೆಲ್ಲಗೆ ತಟ್ಟಿದರು. "ಸಾರ್, ತೆಗೀರಿ, ನಳಿಕೆ ತೆಗೆದುಬಿಡ್ತೀನಿ," ಎಂಬ ಫಣಿಯ ದನಿ ಕೇಳಿಸಿತು. ಇಬ್ಬರೂ ಏಳಲಿಲ್ಲ.

"ಅಳಿಯಂದಿರು," ಎಂದರು ಮಂಗಳಾಗೌರಿ. "ಬಂದಾಗಲೆಲ್ಲ ಬೆಳಿಗ್ಗೆ ಸ್ನಾನ ಮಾಡಿ ಪೂಜೆ ಮಾಡ್ತಿದ್ದಿದ್ದು ಅವರೇ. ನಾನು ಮಾಡ್ತೀನಿ ಅತ್ತೆ, ನೀವು ಕೂತ್ಕೊಳಿ ಅಂತ. ಯಾರೂ ಬರಬಾರದು ಅಂತ ಒಳಗಿಂದ ಬಾಗಿಲು ಹಾಕ್ಕೋತಿದ್ರು. ಎಷ್ಟು ಭಕ್ತಿ ಅಂತ ನಾನು ಅಕ್ಕಪಕ್ಕದವರಿಗೆಲ್ಲ ಹೇಳ್ಕೊಂಡಿದ್ದೆ."

ಹೇಳಿ ಮುಗಿಸಿದ ಮೇಲೆಯೇ ಆ ಮಾತು ಆಕೆಯ ಕಿವಿಗೆ ಬಿದ್ದಂತಿತ್ತು. ಟವೆಲ್ಲಿನಡಿ ಮುಚ್ಚಿದ್ದ ಸೀಸೆಯ ಕಡೆ ನೋಡಿದರು. ಡಬ್ಬಿ ಋಷಿಕೊಂಡದ ಬಂಡೆಗಳಾಚೆ ಎಲ್ಲೋ ನೀರಿನಲ್ಲಿತ್ತು. ಅದರ ಮೇಲಿದ್ದ ಬೆರಳಿನ ಗುರುತು ಯಾರದಾಗಿತ್ತೋ, ಅದನ್ನು ಆಕೆ ತಮ್ಮ ಕೈಯಿಂದಲೇ ಸೋಪು ಹಾಕಿ ತೊಳೆದಿದ್ದರು. ಅಳಿಯನೇ ತಂದಿಟ್ಟದ್ದಾದರೆ, ಅದು ಅವನ ಹೊಟ್ಟೆಗೇ ಹೋದದ್ದು ಹೇಗೆಂದು ಹೇಳಲು ಇನ್ನೇನೂ ಉಳಿದಿರಲಿಲ್ಲ.

ಬಾಗಿಲನ್ನು ಮತ್ತೆ ತಟ್ಟಿದರು.

"ಜಯದೇವಪ್ಪ," ಎಂದರು ಆಕೆ, ಬಹಳ ಮೆಲ್ಲಗೆ. "ಅವರು ಆ ವಿಷ ತಂದಿಟ್ಟಿದ್ದು ನಮ್ಮಿಬ್ಬರಲ್ಲಿ ಯಾರಿಗೆ ಅಂತ? ಬಿಂದುಗಾ, ನನಗಾ?"